ಬಿಸಿಗಾಳಿ ಕುಡಿದ ಇಂಜಿನ್ನೂ ನನ್ನ ತಣ್ಣೀರು ಪಟ್ಟಿಯೂ

ನನ್ನ ಸರ್ವೀಸಿನ ಕೊನೆಯ ಬೇಸಿಗೆ ಅದು. ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಚನ್ನಗಿರಿಯ ನಮ್ಮ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದೆ. ಜಗಳೂರಿನಿಂದ ಮಹಬೂಬ್ ಸಾಬರ ಫೋನ್ ಬಂತು. ಅಲ್ಲಿಯ ಒಂದು ಶಾಲೆಗೆ ಹಳ್ಳಿ ಮಕ್ಕಳನ್ನು ತಂದು ಬಿಡುವ ವ್ಯಾನಿಗೆ ಅವರು ಮಾಲೀಕರೂ ಹೌದು, ಡ್ರೈವರೂ ಹೌದು.

“ಅಕ್ಕಾರೆ, ನಮ್ ಗಾಡಿಗೆ ಏನೋ ಆಗೈತ್ರೀ. ಬೆಳಿಗ್ಗೆ ಹುಡುಗನಂಗೆ ಗುಡ್ಡ ಹತ್ತತೈತೆ. ಮಧ್ಯಾಹ್ನ ಮೂರಕ್ಕೆ ಅದೇ ಗುಡ್ಡದಾಗೆ ಮುದುಕನಂಗೆ ಕುಂತುಬಿಡತೈತೆ. ಹುಡ್ರು ಇಳಿದು ನೂಕ್ತಾವೆ. ಮೊನ್ನೆ ಹೆಡ್ ಮಿಸ್ಸು ನೋಡಿಬಿಟ್ರು.”

“ನೋಡಿ ಏನಂದರು?”

“ಶುಕ್ರವಾರ ಮಧ್ಯಾಹ್ನ ನಾನೇ ಕೂತ್ಕೊಂಡು ಬರ್ತೀನಿ, ಅವತ್ತೂ ಹುಡ್ರು ಇಳಿದ್ರೆ ಸೋಮವಾರದಿಂದ ಬೇರೆ ಗಾಡಿ ಅಂದ್ರು. ಹನ್ನೊಂದು ವರ್ಷ ಆತ್ರೀ ಅಕ್ಕಾರೆ ಈ ಹುಡ್ರನ್ನ ಹೊತ್ಕೊಂಡು ತಿರುಗಾಕೆ ಹತ್ತಿ. ಯಾರ ಮನೆ ನಾಯಿ ಕಚ್ಚತೈತೆ, ಯಾರ ಮನೆ ನಾಯಿ ಬರೀ ಬೊಗಳತೈತೆ ಅನ್ನಾದೂ ಗೊತ್ತೈತೆ ನಂಗೆ. ಬೇರೇರಿಗೆ ಏನ್ ಗೊತ್ತಿರತೈತ್ರೀ?”

“ನೀವು ಏನು ಅಂದುಕೊಂಡಿದ್ದೀರಿ? ಕಾರಣ ಏನಿರಬಹುದು?”

ಸಾಬರು ದನಿ ತಗ್ಗಿಸಿ ಹೇಳಿದರು. “ಊಟ ರೀ. ಬೆಳಿಗ್ಗೆ ಹುಡ್ರು ಹಗೂರ ಇರ್ತಾವೆ. ಮಧ್ಯಾಹ್ನ ಅನ್ನ ಸಾರು ಉಂಡು ಭಾರ ಆಗಿರ್ತಾವೆ. ಅಡಿಗೆ ಮಾಡೋ ಅಮ್ಮಂಗೆ ಒಂದ್ ಸೌಟು ಕಡಿಮೆ ಹಾಕು ಅಂದೆ. ಸೌಟು ತಗೊಂಡೇ ಓಡಿಸ್ಕೊಂಡು ಬಂದ್ಲು.”

ನಗು ತಡೆಯಲಾರದೆ ಫೋನನ್ನು ಎದೆಗೆ ಒತ್ತಿ ಹಿಡಿದೆ. ಹದಿನಾಲ್ಕು ಮಕ್ಕಳು ಉಂಡ ಅನ್ನ ಸಾರಿಗೆ ಒಂದು ಇಂಜಿನ್ ಸೋಲುವುದಾದರೆ ಜಗಳೂರಿನಲ್ಲಿ ಯಾವ ಮದುವೆ ದಿಬ್ಬಣವೂ ವಾಪಸ್ ಊರು ಮುಟ್ಟುತ್ತಿರಲಿಲ್ಲ. “ಗುರುವಾರ ನಮ್ಮ ಸರ್ವೀಸ್ ವ್ಯಾನು ಜಗಳೂರಿಗೆ ಬರುತ್ತದೆ, ನಾನೇ ಬರುತ್ತೇನೆ” ಎಂದೆ.

ಈ ಕೆಲಸಕ್ಕೆ ಈಗ ಕಾಲಿಡುತ್ತಿರುವ ಮಕ್ಕಳೇ, ನಾನು ಯಾವಾಗ ಸೂಪರ್‌ವೈಸರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎನ್ನುವ ಕಥೆ ವೆರಿ ಬೋರಿಂಗ್. ಅದನ್ನು ಬಿಡಿ. ಸೋಮವಾರದಿಂದ ಗುರುವಾರದವರೆಗೆ ಮಹಬೂಬ್ ಸಾಬರ ಗಾಡಿಯ ಬಗ್ಗೆಯೇ ಯೋಚಿಸುತ್ತಿದ್ದಾಗ ನನ್ನ ಇಡೀ ಸರ್ವೀಸಿನ ಬೇಸಿಗೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ನಿಮಗೆ ಉಪಯೋಗಕ್ಕೆ ಬರುವುದು ಅವೇ.

ನಾನು ಈ ಕೆಲಸಕ್ಕೆ ಬಂದದ್ದೇ ಒಂದು ಆಕ್ಸಿಡೆಂಟ್. ಕಾನ್ವೆಂಟಿನಲ್ಲಿ ಓದಿದವಳು, ನೀಟಾಗಿ ಇಂಗ್ಲಿಷ್ ಬರೆಯುತ್ತಾಳೆ ಎಂದು ಜಾಬ್ ಕಾರ್ಡ್ ತುಂಬಲು, ಕಂಪನಿಯ ಮ್ಯಾನ್ಯುಯಲ್ ಓದಿ ಹೇಳಲು ಕರೆದುಕೊಂಡರು. ಮೇಜಿನ ಹಿಂದೆ ಕೂರಿಸಿದರು. ನನ್ನ ಮೇಲಿದ್ದವರು ಬಸಣ್ಣ ಮೇಸ್ತ್ರಿ. ಇಂಜಿನ್ನಿನ ಮೇಲೆ ಅಂಗೈ ಇಟ್ಟು ಕಾಯಿಲೆ ಹೇಳುವ ಮನುಷ್ಯ. ಮ್ಯಾನ್ಯುಯಲ್ಲಿನ ಮೇಲೆ ಅವರು ಇಡುತ್ತಿದ್ದದ್ದು ಟೀ ಲೋಟ ಮಾತ್ರ.

ಮೊದಲ ಏಪ್ರಿಲ್‌ನಲ್ಲೇ ಚನ್ನಗಿರಿಯ ಒಬ್ಬ ಡಾಕ್ಟರ ಪುಟ್ಟ ಪೆಟ್ರೋಲ್ ಕಾರು ಬಂತು. ಕಂಪ್ಲೇಂಟ್ ಸಿಂಪಲ್: ಎಳೆಯುವುದಿಲ್ಲ. ಸೈಕಲ್ಲಿನವರು ಓವರ್‌ಟೇಕ್ ಮಾಡಿ ನಮಸ್ಕಾರ ಹೇಳಿ ಹೋಗುತ್ತಾರೆ. ಬಸಣ್ಣ ಎರಡು ದಿನ ಕಾರ್ಬ್ಯುರೇಟರ್ ಬಿಚ್ಚಿದರು, ತೊಳೆದರು, ಊದಿದರು, ಜೋಡಿಸಿದರು. ಕಾರು ಹಾಗೆಯೇ ಇತ್ತು. ನನಗೆ ಬೇರೆ ಕೆಲಸವಿರಲಿಲ್ಲ, ಟೀ ಲೋಟ ಸರಿಸಿ ಮ್ಯಾನ್ಯುಯಲ್ ತೆಗೆದೆ. ಏರ್ ಕ್ಲೀನರಿನ ಮೂತಿಯ ಹತ್ತಿರ ಒಂದು ಸಣ್ಣ ಲಿವರ್ ಇದೆಯೆಂದೂ, ಚಳಿಗಾಲದಲ್ಲಿ ಅದನ್ನು ಒಂದು ಕಡೆಗೆ, ಬೇಸಿಗೆಯಲ್ಲಿ ಇನ್ನೊಂದು ಕಡೆಗೆ ತಿರುಗಿಸಬೇಕೆಂದೂ ಬರೆದಿತ್ತು. ಚಳಿಗಾಲದ ಕಡೆಗಿದ್ದರೆ ಇಂಜಿನ್ ಗಾಳಿಯನ್ನು ಸೈಲೆನ್ಸರ್ ಪೈಪಿನ ಪಕ್ಕದಿಂದ, ಅಂದರೆ ಒಲೆಯ ಬಾಯಿಯಿಂದ ಎಳೆದುಕೊಳ್ಳುತ್ತದೆ.

ಚನ್ನಗಿರಿಯಲ್ಲಿ ಯಾರ ಕಾರಿಗೆ ಚಳಿಯಾಗುತ್ತದೆ, ಹೇಳಿ! ಆದರೂ ಆ ಲಿವರ್ ಚಳಿಗಾಲದಲ್ಲೇ ಇತ್ತು. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ತಿರುಗಿಸಿದೆ. ಬಸಣ್ಣ ಕೂಗಿದರು, “ಏಯ್ ಪ್ರಮೀಳಮ್ಮ, ಅದು ರೇಡಿಯೋ ಅಲ್ಲ, ಸ್ಟೇಷನ್ ತಿರುವಾಕೆ!”

ಡಾಕ್ಟರು ಒಂದು ರೌಂಡ್ ಹೊಡೆದು ಬಂದರು. ಇಳಿದವರೇ ಬಸಣ್ಣನವರ ಕೈ ಕುಲುಕಿದರು. ಬಸಣ್ಣ ಆ ಕೈಯನ್ನು ಒರೆಸಿಕೊಂಡು ನನ್ನ ಕಡೆ ನೋಡಿದರು. “ಏನ್ ಬರದೈತೆ ಅದ್ರಾಗೆ? ಬಿಸಿಗಾಳಿಗೂ ತಣ್ಣನ್ ಗಾಳಿಗೂ ಏನ್ ವ್ಯತ್ಯಾಸ? ಗಾಳಿ ಗಾಳೀನೇ ಅಲ್ಲೇನು?”

ಗ್ಯಾಸಸ್ ಎಕ್ಸ್‌ಪ್ಯಾಂಡ್ ಆನ್ ಹೀಟಿಂಗ್. ಕ್ಲಾಸಿನಲ್ಲಿ ಮಾತಾಡಿದ್ದಕ್ಕೆ ನಮ್ಮ ಸಿಸ್ಟರ್ ಈ ಒಂದು ವಾಕ್ಯವನ್ನು ನೂರು ಸಲ ಬರೆಸಿದ್ದರು. ನನಗೆ ಬಾಯಿಪಾಠ. ಆದರೆ ಬಸಣ್ಣನವರಿಗೆ ಅದನ್ನು ಹೇಳಿದರೆ ಪ್ರಯೋಜನವಿಲ್ಲ. ಎದುರಿಗೆ ಅವರ ತಿಂಡಿಯ ಪೊಟ್ಟಣವಿತ್ತು. ಮಂಡಕ್ಕಿ, ಮೆಣಸಿನಕಾಯಿ.

“ಮೇಸ್ತ್ರಿ, ಒಂದು ಸೇರು ಅಕ್ಕಿ ತಿಂದರೆ ಎಷ್ಟು ಹೊತ್ತು ಕೆಲಸ ಮಾಡುತ್ತೀರಿ? ಒಂದು ಸೇರು ಮಂಡಕ್ಕಿ ತಿಂದರೆ ಎಷ್ಟು ಹೊತ್ತು?” ಎಂದೆ. “ಸೇರು ಅದೇ. ಬಿಸಿಗೆ ಅಕ್ಕಿ ಉಬ್ಬಿ ಮಂಡಕ್ಕಿಯಾಗಿದೆ, ಅಷ್ಟೆ. ಇಂಜಿನ್ ಪ್ರತಿ ಸಲವೂ ಒಂದೇ ಸೇರಿನಲ್ಲಿ ಗಾಳಿ ಅಳೆದುಕೊಳ್ಳುತ್ತದೆ. ತಣ್ಣಗಿನ ಗಾಳಿ ಅಕ್ಕಿ. ಬಿಸಿಗಾಳಿ ಮಂಡಕ್ಕಿ. ಸೇರು ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ.”

ಬಸಣ್ಣ ಕೈಯಲ್ಲಿದ್ದ ಮಂಡಕ್ಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಇನ್ನ ಮ್ಯಾಲೆ ನೀನು ಓದು, ನಾನು ಬಿಚ್ತೀನಿ” ಎಂದರು. ನನ್ನ ಸರ್ವೀಸಿನಲ್ಲಿ ಸಿಕ್ಕ ಬೆಸ್ಟ್ ಸರ್ಟಿಫಿಕೇಟ್ ಅದು. ಇಂದಿಗೂ ಹೇಳುತ್ತೇನೆ, ಗಾಳಿಯ ಬಿಸಿ ಹತ್ತು ಡಿಗ್ರಿ ಏರಿದರೆ ಅದು ನೂರಕ್ಕೆ ಮೂರರಷ್ಟು ತೆಳುವಾಗುತ್ತದೆ. ಮೂರು ಅಂದರೆ ಏನು ಮಹಾ ಅನ್ನಿಸಬಹುದು. ಬಾನೆಟ್ಟಿನ ಒಳಗಿನ ಗಾಳಿ ಹೊರಗಿನದಕ್ಕಿಂತ ಮೂವತ್ತು ಡಿಗ್ರಿ ಹೆಚ್ಚಿರುತ್ತದೆ ಎಂದು ನೆನಪಿಟ್ಟುಕೊಂಡು ಆಮೇಲೆ ಲೆಕ್ಕ ಹಾಕಿ.

ಇನ್ನು ನನ್ನ ದೊಡ್ಡ ಹೆಸರಿನ ಕಥೆ. ಅದು ನಡೆದದ್ದು ಹೊನ್ನಾಳಿಯಲ್ಲಿ, ತುಂಗಭದ್ರೆಯ ಸೇತುವೆಯ ಮೇಲೆ, ಮಟಮಟ ಮಧ್ಯಾಹ್ನ. ಊರೂರಿಗೆ ಹೋಗಿ ರಿಪೇರಿ ಮಾಡುವ ನಮ್ಮ ಸರ್ವೀಸ್ ವ್ಯಾನು ಆಗ ಹೊಸದು. ಮುಂದೆ ಒಂದು ಮದುವೆ ಕಾರು ನಿಂತಿತ್ತು. ಹೂವಿನ ಹಾರ, ಒಳಗೆ ಬಾಸಿಂಗ ಕಟ್ಟಿಕೊಂಡು ಬೆವರುತ್ತಿರುವ ಮದುಮಗ. ಹಿಂದೆ ಬ್ಯಾಂಡಿನವರು. ಕಾರು ಕೆಟ್ಟು ನಿಂತಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸೇತುವೆಯ ಮೇಲೆ ಮೆರವಣಿಗೆ ಇಟ್ಟುಕೊಂಡಿದ್ದಾರೆ ಎಂದುಕೊಂಡು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದರು.

ಬಾನೆಟ್ ಎತ್ತಿದೆ. ಆ ಕಾಲದ ಕಾರುಗಳಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಬಿಸಿಗೆ ಒಳಗಿನ ಪೆಟ್ರೋಲ್ ಕುದ್ದು ಆವಿಯಾಗಿ ಪಂಪು ಬರೀ ಆವಿಯನ್ನು ತಳ್ಳುತ್ತಿತ್ತು. ಅದನ್ನು ತಣ್ಣಗೆ ಮಾಡಬೇಕು, ಅಷ್ಟೆ.

“ಬಟ್ಟೆ ಕೊಡಿ, ಹತ್ತಿ ಬಟ್ಟೆ, ಬೇಗ!” ಎಂದೆ. ಎಲ್ಲರೂ ರೇಷ್ಮೆಯಲ್ಲಿದ್ದರು. ಮದುಮಗನ ಹೆಗಲ ಮೇಲಿನ ಶಲ್ಯ ಒಂದೇ ಹತ್ತಿಯದು. ನಾನು ಅದನ್ನೇ ಎಳೆದುಕೊಂಡೆ.

ಅವನ ಸೋದರಮಾವ ಹಾರಿಬಿದ್ದರು. “ಏನಮ್ಮಾ ನೀನು! ಮುಹೂರ್ತದ ಶಲ್ಯ ಐತೆ ಅದು!”

“ಮುಹೂರ್ತ ಬೇಕೋ ಶಲ್ಯ ಬೇಕೋ?” ಎಂದೆ. ಮದುಮಗ ಒಳಗಿನಿಂದ ಕೈ ಮುಗಿದು, “ಮಾವ, ಪಂಚೆ ಬೇಕಾದ್ರೂ ಕೊಡ್ತೀನಿ, ನಡೀರಿ ಹೋಗಾನ” ಎಂದ.

ಶಲ್ಯವನ್ನು ನಮ್ಮ ವ್ಯಾನಿನಲ್ಲಿದ್ದ ಕೊಡದ ನೀರಿನಲ್ಲಿ ಅದ್ದಿ, ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕುವ ಹಾಗೆ ಪಂಪಿಗೆ ಸುತ್ತಿದೆ. ಐದು ನಿಮಿಷ. ಕಾರು ಸ್ಟಾರ್ಟ್ ಆಯಿತು! ಮದುಮಗ ಪೆಟ್ರೋಲ್ ವಾಸನೆಯ ಶಲ್ಯ ಹೊದ್ದು ಮಂಟಪಕ್ಕೆ ಹೋದ. ಆ ಬೇಸಿಗೆ ಮುಗಿಯುವುದರೊಳಗೆ ಹೊನ್ನಾಳಿಯಿಂದ ಜಗಳೂರಿನವರೆಗೆ ಡ್ರೈವರುಗಳೆಲ್ಲ ಸೀಟಿನ ಕೆಳಗೆ ಒಂದು ಹಳೇ ಬಟ್ಟೆ, ಒಂದು ಬಾಟ್ಲಿ ನೀರು ಇಟ್ಟುಕೊಳ್ಳತೊಡಗಿದರು. ಅದಕ್ಕೊಂದು ಹೆಸರೂ ಬಂತು. ಪ್ರಮೀಳಕ್ಕನ ತಣ್ಣೀರು ಪಟ್ಟಿ. ನನಗೆ ಏನು ಹಿಗ್ಗು, ಏನು ಹಿಗ್ಗು! ದಾರಿಯಲ್ಲಿ ಯಾವ ಕಾರು ನಿಂತಿದ್ದರೂ ಇಳಿದು ಹೋಗಿ ಉಪದೇಶ ಮಾಡುತ್ತಿದ್ದೆ. ಐ ವಾಸ್ ಇಂಪಾಸಿಬಲ್.

ಒಂದು ಮಾತು ಮಾತ್ರ ನಾನು ಯಾರಿಗೂ ಸರಿಯಾಗಿ ಹೇಳಲಿಲ್ಲ: ಆ ಪಟ್ಟಿ ಪೆಟ್ರೋಲ್ ಪಂಪಿಗೆ ಮಾತ್ರ, ಬೇರೆ ಎಲ್ಲಿಗೂ ಅಲ್ಲ.

ಆಮೇಲೆ ಕಾಲ ಬದಲಾಯಿತು. ಕಾರ್ಬ್ಯುರೇಟರ್ ಹೋಯಿತು, ಪಂಪು ಪೆಟ್ರೋಲ್ ಟ್ಯಾಂಕಿನ ಒಳಗೆ ಹೋಗಿ ಕೂತಿತು, ಆ ಪುಟ್ಟ ಲಿವರ್ ಕೂಡ ಮಾಯವಾಯಿತು. ಅದನ್ನು ಈಗಲೂ ಮಿಸ್ ಮಾಡುತ್ತೇನೆ. ಒಂದು ಬೆರಳಿನಲ್ಲಿ ಋತು ಬದಲಾಯಿಸುವ ಸುಖ ನಿಮಗೆ ಸಿಗುವುದಿಲ್ಲ. ಬದಲಿಗೆ ಸ್ಕ್ಯಾನರ್ ಬಂತು. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಇಂಜಿನ್ ಈ ಕ್ಷಣದಲ್ಲಿ ಎಷ್ಟು ಬಿಸಿಯ ಗಾಳಿ ಕುಡಿಯುತ್ತಿದೆ ಎಂದು ತೋರಿಸುತ್ತದೆ. ಬಸಣ್ಣ ಅದನ್ನು ನೋಡಿ, “ಇದ್ರ ಅಂಗೈ ನಂದಕ್ಕಿಂತ ದೊಡ್ಡದು” ಎಂದು ಹೇಳಿ ಅದೇ ವರ್ಷ ರಿಟೈರ್ ಆದರು.

ಸ್ಕ್ಯಾನರಿನ ಮೊದಲ ಮಜಾ ನ್ಯಾಮತಿಯಲ್ಲಿ. ಕುಮಾರ ನಾಯ್ಕ ಎನ್ನುವ ಒಬ್ಬ ಬಾಡಿಗೆ ಕಾರಿನವನು ಸೂರಗೊಂಡನಕೊಪ್ಪಕ್ಕೆ ಬರುವ ಭಕ್ತರನ್ನು ಕರೆದೊಯ್ಯುತ್ತಿದ್ದ. ಗಾಳಿ ಹೋಗುವ ಕಂಪನಿಯ ಡಬ್ಬಿ, ಪೈಪು ಎಲ್ಲ ಕಿತ್ತು ಹಾಕಿ, ಹೊಳೆಯುವ ಒಂದು ಸ್ಪೋರ್ಟ್ಸ್ ಫಿಲ್ಟರನ್ನು ಇಂಜಿನ್ನಿನ ಪಕ್ಕದಲ್ಲೇ ಬಯಲಿಗೆ ಕೂರಿಸಿಕೊಂಡಿದ್ದ. ಕಾರು ಹುಲಿಯ ಹಾಗೆ ಗರ್ಜಿಸುತ್ತಿತ್ತು, ಎಮ್ಮೆಯ ಹಾಗೆ ಓಡುತ್ತಿತ್ತು.

“ಸೌಂಡ್ ಕೇಳ್ರೀ ಮೇಡಂ! ಪವರ್ ಇಲ್ದೆ ಇಷ್ಟು ಸೌಂಡ್ ಬರತೈತಾ?”

ಸ್ಕ್ಯಾನರ್ ಸಿಕ್ಕಿಸಿದೆ. ಹೊರಗೆ ಮೂವತ್ತೊಂಬತ್ತು ಡಿಗ್ರಿ. ಇಂಜಿನ್ ಕುಡಿಯುತ್ತಿದ್ದ ಗಾಳಿ ಎಪ್ಪತ್ತೊಂದು! ಕಂಪನಿಯವರು ಹೊರಗಿನಿಂದ ಗಾಳಿ ತರಲು ಕೊಟ್ಟಿದ್ದ ಪೈಪನ್ನು ಇವನು ಮನೆಯ ಅಟ್ಟಕ್ಕೆ ಎಸೆದಿದ್ದ. ತರಿಸಿ ಹಾಕಿದೆ. ಸದ್ದು ಸತ್ತುಹೋಯಿತು. ಕುಮಾರನ ಮುಖವೂ ಬಾಡಿತು. “ಪವರ್ ಹೋತು ಮೇಡಂ” ಎಂದು ಕಾರಿನ ಸುತ್ತ ಸುತ್ತಿದ. ಸೂರಗೊಂಡನಕೊಪ್ಪದ ದಾರಿಯಲ್ಲಿ ಟ್ರಯಲ್ ಹೋದೆವು. ಹಿಂದಿನ ಸೀಟಿನಲ್ಲಿ ಅವನ ಅಜ್ಜಿ. ದಿನವೂ ಆ ದಾರಿಯ ಏರಿನಲ್ಲಿ ಇವನನ್ನು ಹಿಂದೆ ಹಾಕುತ್ತಿದ್ದ ಬಸ್ಸು ಸಿಕ್ಕಿತು. ಕುಮಾರ ಒಂದೇ ಒತ್ತಿಗೆ ದಾಟಿದ.

ಅಜ್ಜಿ ತಿರುಗಿ ಬಸ್ಸನ್ನು ನೋಡಿ, “ಏ ಕುಮಾರ, ಇವತ್ತು ಬಸ್ಸಿಗೆ ಹುಷಾರಿಲ್ಲೇನೋ?” ಎಂದಳು. ನಾವಿಬ್ಬರೂ ನಕ್ಕು ನಕ್ಕು ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಆ ಗೆಲುವು ನನ್ನ ತಲೆಗೆ ಏರಿತು. ತಣ್ಣಗಿನ ಗಾಳಿಯಿಂದ ಇಷ್ಟು ಸಿಗುವುದಾದರೆ ಇನ್ನೂ ತಣ್ಣಗಿನದು ತರೋಣ ಎಂದು ನಮ್ಮದೇ ಸರ್ವೀಸ್ ವ್ಯಾನಿಗೆ ಹೊಲದ ಪಿವಿಸಿ ಪೈಪನ್ನು ಜೋಡಿಸಿ, ಅದರ ಬಾಯಿಯನ್ನು ಬಂಪರಿನ ಕೆಳಗೆ, ನೆಲದ ಹತ್ತಿರಕ್ಕೆ ಇಳಿಸಿದೆ. ಎರಡು ತಿಂಗಳು ಕುದುರೆಯ ಹಾಗೆ ಓಡಿತು. ಮಳೆಗಾಲದಲ್ಲಿ ಉಬ್ರಾಣಿಯ ಹತ್ತಿರ ರಸ್ತೆಯ ಮೇಲೆ ಮೊಣಕಾಲುದ್ದ ನೀರು. ವ್ಯಾನು ಆ ಪೈಪಿನಿಂದ ಗಟಗಟನೆ ನೀರು ಕುಡಿದು, ಒಂದು ಸಲ ಬಿಕ್ಕಳಿಸಿ, ಸತ್ತುಹೋಯಿತು. ನೀರನ್ನು ಗಾಳಿಯ ಹಾಗೆ ಒತ್ತಿ ಹಿಡಿಯಲು ಬರುವುದಿಲ್ಲ. ಇಂಜಿನ್ನಿನ ಒಳಗಿನ ಉಕ್ಕಿನ ಕನೆಕ್ಟಿಂಗ್ ರಾಡು ಬಾಳೆದಿಂಡಿನ ಹಾಗೆ ಬಗ್ಗಿತ್ತು. ಮೆಕ್ಯಾನಿಕ್ಕಿನ ಗಾಡಿಯನ್ನು ಟ್ರ್ಯಾಕ್ಟರ್ ಎಳೆದುಕೊಂಡು ಚನ್ನಗಿರಿಯ ಪೇಟೆಯ ನಡುವೆ ಹೋಗುವಾಗ ನಾನು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದೆ. ಆದರೂ ಎಲ್ಲರೂ ಗುರುತು ಹಿಡಿದರು. ಅಂದಿನಿಂದ ಕಂಪನಿ ಕೊಟ್ಟ ಪೈಪನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದೆ. ನೀವೂ ಮುಟ್ಟಬೇಡಿ.

ಇಷ್ಟು ವಿದ್ಯೆಯ ಮೂಟೆ ಹೊತ್ತುಕೊಂಡು ಗುರುವಾರ ಬೆಳಿಗ್ಗೆ ಜಗಳೂರು ಮುಟ್ಟಿದೆ. ಮಹಬೂಬ್ ಸಾಬರು ಗಾಡಿಯನ್ನು ಫಳಫಳ ತೊಳೆದು ಮರದ ನೆರಳಿನಲ್ಲಿ ನಿಲ್ಲಿಸಿದ್ದರು. ಮುಂದೆ ಪುಟ್ಟ ಬಾನೆಟ್ ಇರುವ ಪೆಟ್ರೋಲ್ ವ್ಯಾನು, ಹೊಸ ಕಾಲದ್ದು. ಪ್ಲಗ್, ಫಿಲ್ಟರ್, ಕಂಪ್ರೆಷನ್ ಎಲ್ಲ ನೋಡಿದೆ. ಗಾಳಿಯ ಪೈಪು ಅದರ ಜಾಗದಲ್ಲೇ ಇತ್ತು, ಬಾಯಿ ಮುಂದಿನ ಜಾಲರಿಯ ಹಿಂದೆ. ಕಂಪ್ಲೀಟ್‌ಲಿ ಹೆಲ್ದಿ. ನನ್ನ ಮುಖ ಸಣ್ಣದಾಯಿತು.

“ಹೋದ ತಿಂಗಳೂ ಒಬ್ಬ ಮೆಕ್ಯಾನಿಕ್ಕು ನೋಡಿ ಏನಿಲ್ಲ ಅಂದ್ರೀ” ಎಂದರು ಸಾಬರು, ಬಹಳ ಬೇಜಾರಿನಲ್ಲಿ. “ನಾಳೆ ಶುಕ್ರವಾರ, ಅಕ್ಕಾರೆ.”

“ಮೂರು ಗಂಟೆಗೆ ನಾನೂ ಬರುತ್ತೇನೆ. ನೀವು ದಿನಾ ಹೇಗೆ ಹೋಗುತ್ತೀರೋ ಹಾಗೆಯೇ ಹೋಗಬೇಕು” ಎಂದೆ.

ಮೂರು ಗಂಟೆ. ಶಾಲೆಯ ಗೇಟಿನ ಹೊರಗೆ ಬೆಂಕಿಯಂಥ ಬಿಸಿಲು. ನೆರಳಿನಲ್ಲೇ ನಲವತ್ತೊಂದು. ದಿನಾ ಬೆಳಗಿನ ಟ್ರಿಪ್ಪಿನಿಂದ ವ್ಯಾನು ಅಲ್ಲೇ ಬಿಸಿಲಿಗೆ ಮೂತಿ ಕೊಟ್ಟು ನಿಲ್ಲುತ್ತದಂತೆ. ಮಕ್ಕಳು ಹತ್ತಿದರು. ಮಹಬೂಬ್ ಸಾಬರು ಸೀಟಿನ ಕೆಳಗಿನಿಂದ ಒಂದು ಗೋಣಿಚೀಲ ತೆಗೆದರು. ಬಕೆಟ್ಟಿನಲ್ಲಿ ಅದ್ದಿದರು. ವ್ಯಾನಿನ ಮುಂದೆ ಹೋಗಿ, ಜಾಲರಿ ಪೂರ್ತಿ ಮುಚ್ಚುವ ಹಾಗೆ ಹೊದಿಸಿ, ನಾಲ್ಕು ಮೂಲೆಗೂ ಹಗ್ಗ ಬಿಗಿದರು.

“ಇದೇನ್ರೀ ಇದು?” ಎಂದು ಹತ್ತಿರ ಹೋದೆ.

ಸಾಬರು ಹೆಮ್ಮೆಯಿಂದ ತಿರುಗಿದರು. “ನಿಮ್ದೇ ರೀ ಅಕ್ಕಾರೆ! ತಣ್ಣೀರು ಪಟ್ಟಿ!”

“ಬೆಳಿಗ್ಗೆ ಇರಲಿಲ್ಲವಲ್ಲ?”

“ಬೆಳಿಗ್ಗೆ ತಂಪಿರತೈತಲ್ರೀ. ಮತ್ತೆ ಮೆಕ್ಯಾನಿಕ್ಕಿನ ಮುಂದೆ ಗೋಣಿಚೀಲ ಕಟ್ಕೊಂಡು ಹೋಗಾಕೆ ಆಗತೈತೇನ್ರೀ? ಡಾಕ್ಟ್ರತ್ರ ಹೋಗಾಗ ಮಕ್ಕಳ ಮುಖ ತೊಳಿಯಲ್ವೇ?”

ಅಯ್ಯೋ! ಗಾಡಿಗೆ ಸ್ನಾನ ಮಾಡಿಸಿ, ಕಾಯಿಲೆಯನ್ನು ಬಿಚ್ಚಿ ಮನೆಯಲ್ಲಿಟ್ಟು, ಡಾಕ್ಟರ ಹತ್ತಿರ ಕರೆತರುತ್ತಿದ್ದರು! ಯಾವ ಮೆಕ್ಯಾನಿಕ್ಕಿಗೆ ಏನು ಸಿಗಬೇಕು? ಚೀಲವನ್ನು ಬಿಚ್ಚಬೇಡಿ ಎಂದು ಹೇಳಿ ಸ್ಕ್ಯಾನರ್ ಸಿಕ್ಕಿಸಿಕೊಂಡು ಕೂತೆ. ಜಗಳೂರಿನ ಒಣಗಾಳಿಗೆ ಚೀಲ ಎರಡು ಕಿಲೋಮೀಟರಿಗೇ ಒಣಗಿ ಹಲಗೆಯಾಯಿತು. ರೇಡಿಯೇಟರಿಗೆ ಗಾಳಿಯಿಲ್ಲ, ಇಂಜಿನ್ನಿನ ಬಿಸಿ ಹೊರಗೆ ಹೋಗುವುದಿಲ್ಲ, ಪೈಪಿನ ಬಾಯಿಗೂ ಮುಚ್ಚಳ. ಇಂಜಿನ್ ತನ್ನದೇ ಬಿಸಿ ಉಸಿರನ್ನು ತಾನೇ ಕುಡಿಯುತ್ತಿತ್ತು. ಐವತ್ತೆರಡು, ಅರವತ್ತೊಂದು, ಎಪ್ಪತ್ತು. ಮೀಟರಿನ ಮುಳ್ಳು ಏರಿದ ಹಾಗೆಲ್ಲ ಸಾಬರು ನಿಲ್ಲಿಸಿ ಚೀಲಕ್ಕೆ ಇನ್ನಷ್ಟು ನೀರು ಹೊಯ್ಯುತ್ತಿದ್ದರು. ಸೊಕ್ಕೆ ಎನ್ನುವ ಹಳ್ಳಿಯ ಕಡೆಯ ಒಳದಾರಿಯಲ್ಲಿ ಕಲ್ಲುಗುಡ್ಡದ ಏರು ಬಂತು. ಅರ್ಧಕ್ಕೆ ವ್ಯಾನು ನಡುಗಿ ನಿಂತಿತು. ಯಾರೂ ಹೇಳದೆಯೇ ಹದಿನಾಲ್ಕು ಮಕ್ಕಳು ಬ್ಯಾಗು ಬಿಟ್ಟು ಇಳಿದು, ಡ್ರಿಲ್ ಕ್ಲಾಸಿನ ಹಾಗೆ ಸಾಲಾಗಿ ನಿಂತು ನೂಕತೊಡಗಿದರು. ನಾನೂ ಇಳಿದು ನೂಕಿದೆ. ಚೀಲ ಬಿಚ್ಚಿ ನೋಡಿದೆವು. ಆದರೆ ಅಷ್ಟು ಕಾದ ಇಂಜಿನ್ ಒಂದೇ ಏಟಿಗೆ ತಣ್ಣಗಾಗುವುದಿಲ್ಲ. ಅವತ್ತು ಗುಡ್ಡದ ತುದಿಯವರೆಗೂ ನೂಕಿದೆವು.

ಮೇಲೆ ಹೋಗಿ ಒಂದು ಕಲ್ಲಿನ ಮೇಲೆ ಕೂತು ಸಾಬರಿಗೆ ಹೇಳಿದೆ. “ತಪ್ಪು ನಿಮ್ಮದಲ್ಲ. ಪಟ್ಟಿ ಎಲ್ಲಿ ಹಾಕಬೇಕು ಅಂತ ನಾನು ಹೇಳಲೇ ಇಲ್ಲ. ನಿಮ್ಮ ಗಾಡಿಗೆ ಅದು ಬೇಕಾಗಿಯೂ ಇಲ್ಲ.”

ಸಾಬರು ಗೋಣಿಚೀಲವನ್ನು ಮಡಿಚುತ್ತ ಮಡಿಚುತ್ತ ನಕ್ಕರು. “ಅಂದ್ರೆ ಮೂರು ಬೇಸಿಗೆ ನಾನು ಅದ್ರ ಮೂಗು ಒತ್ತಿ ಹಿಡಕಂಡು ಓಡು ಓಡು ಅಂತಿದ್ದೆನೇನ್ರೀ?”

ಶುಕ್ರವಾರ ಬೆಳಿಗ್ಗೆ ಮೊದಲು ಹೆಡ್ ಮಿಸ್ ಶಾರದಮ್ಮನವರ ರೂಮಿಗೆ ಹೋದೆ. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಸೀರೆ, ನಗು ಸುಲಭಕ್ಕೆ ಬರುವ ಮುಖವಲ್ಲ. ನಲವತ್ತು ವರ್ಷದ ಹಿಂದೆ ಸಿಸ್ಟರ್ ಮುಂದೆ ನಿಂತ ಹಾಗೆ ಕೈ ಕಟ್ಟಿ ನಿಂತು ಎಲ್ಲ ಒಪ್ಪಿಕೊಂಡೆ. ಹೊನ್ನಾಳಿಯ ಶಲ್ಯದಿಂದ ಹಿಡಿದು.

“ಅಂದ್ರೆ ಇವತ್ತು ಹತ್ತತೈತೆ ಅಂತೀರಿ?”

“ಹತ್ತಬೇಕು, ಮಿಸ್. ಆದರೆ ನಲವತ್ತೊಂದು ಡಿಗ್ರಿ ಬಿಸಿಯಲ್ಲಿ ಗಾಳಿಯೇ ತೆಳು. ಆ ನಷ್ಟವನ್ನು ನಾನು ತುಂಬಿಕೊಡಲಾರೆ. ಬೆಳಗಿನ ಹಾಗೆ ಹಾರುವುದಿಲ್ಲ.”

“ಹಾರಾದು ಬ್ಯಾಡ, ಹತ್ತಿದ್ರೆ ಸಾಕು. ತಪ್ಪು ನಿಮ್ದೂ ಐತೆ ಅಂದಮೇಲೆ ಪರೀಕ್ಷೆನೂ ಇಬ್ಬರಿಗೂ. ನೀವೂ ಗಾಡ್ಯಾಗೆ ಕೂತ್ಕೊಳ್ರಿ. ನಾನೂ ಕೂತ್ಕೊಂತೀನಿ. ಯಾರೂ ಇಳಿಯಂಗಿಲ್ಲ.”

ನಾನು ಅವರನ್ನೂ ನನ್ನನ್ನೂ ಮನಸ್ಸಿನಲ್ಲೇ ತೂಗಿ ನೋಡಿದೆ. ಇಬ್ಬರೂ ತೆಳ್ಳಗಿನವರಲ್ಲ. ಓ ಲಾರ್ಡ್, ಅಂದುಕೊಂಡೆ.

ಮಾಡುವುದಿದ್ದದ್ದು ಮೂರೇ ಕೆಲಸ. ಮೊದಲನೆಯದು, ಬೆಳಗಿನ ಟ್ರಿಪ್ ಮುಗಿದ ಕೂಡಲೇ ವ್ಯಾನನ್ನು ಬೇವಿನ ಮರದ ನೆರಳಿಗೆ, ಗಾಳಿ ಬೀಸುವ ಕಡೆಗೆ ಮೂತಿ ಮಾಡಿ ನಿಲ್ಲಿಸಿದೆವು. ಎರಡೂವರೆಗೆ ಬಾನೆಟ್ ಎತ್ತಿಟ್ಟು ಒಳಗಿನ ಬಿಸಿಯನ್ನು ಹೊರಗೆ ಬಿಟ್ಟೆವು. ಕೊನೆಯದು ಸಾಬರಿಗೆ ಪಾಠ: “ಇಂಜಿನ್ ಸೋತ ಮೇಲೆ ಗೇರ್ ಇಳಿಸಬೇಡಿ. ಏರು ಶುರುವಾಗುವ ಮೊದಲೇ ಫಸ್ಟ್‌ಗೆ ಹಾಕಿ. ಆಮೇಲೆ ನಿಧಾನ ಹೋದರೂ ಪರವಾಗಿಲ್ಲ, ಕಾಲು ಎತ್ತಬೇಡಿ.”

ಎತ್ತಿದ ಬಾನೆಟ್ಟಿನ ಸುತ್ತ ಮಕ್ಕಳು ನೆರೆದಿದ್ದರು. ಎರಡು ಜಡೆಯ ಸಾನಿಯಾ ಎನ್ನುವ ಒಬ್ಬಳು ಕೇಳಿದಳು, “ಮೇಡಂ, ಇಂಜಿನ್ನು ಉಸಿರಾಡತೈತೇನ್ರೀ?”

“ಹೌದಮ್ಮ, ನಮ್ಮ ಹಾಗೆಯೇ. ಬಿಸಿಲಿನಲ್ಲಿ ಅದಕ್ಕೆ ಸಾಕಾಗುವಷ್ಟು ಗಾಳಿ ಸಿಗುವುದಿಲ್ಲ, ಅದಕ್ಕೇ ಸುಸ್ತು” ಎಂದು ಮಂಡಕ್ಕಿಯ ಲೆಕ್ಕ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಏನೋ ಗುಸುಗುಸು. ನಾನು ಗಮನ ಕೊಡಲಿಲ್ಲ.

ಮೂರು ಗಂಟೆಗೆ ಹೊರಟೆವು. ಮುಂದಿನ ಸೀಟಿನಲ್ಲಿ ಶಾರದಾ ಮಿಸ್, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು. ಹಿಂದೆ ನಾನು, ನನ್ನ ಎರಡೂ ಪಕ್ಕಕ್ಕೆ, ಮುಂದಕ್ಕೆ, ಸಂದಿಗೊಂದಿಗೆ ಮಕ್ಕಳು. ಸ್ಕ್ಯಾನರ್ ನಲವತ್ತಾರು ತೋರಿಸುತ್ತಿತ್ತು. ಹಿಂದಿನ ದಿನ ಇದೇ ಜಾಗದಲ್ಲಿ ಅರವತ್ತೊಂದು. ನನಗೆ ಕುಣಿಯಬೇಕೆನ್ನಿಸಿತು, ಜಾಗವಿರಲಿಲ್ಲ.

ಕಲ್ಲುಗುಡ್ಡ ಕಂಡಿತು. ಸಾಬರು ಬಿಸ್ಮಿಲ್ಲಾ ಎಂದು ಫಸ್ಟ್ ಗೇರಿಗೆ ಹಾಕಿದರು. ವ್ಯಾನು ಏರತೊಡಗಿತು. ಕಾಲು ಭಾಗ ಆಯಿತು. ಅರ್ಧ ಆಯಿತು. ಹಿಂದಿನ ದಿನ ನಿಂತ ಜಾಗ ಬಂತು, ಹೋಯಿತು. ಮುಕ್ಕಾಲಿನಲ್ಲಿ ಏರು ಇನ್ನೂ ಕಡಿದಾಗಿತ್ತು. ಇಂಜಿನ್ನಿನ ದನಿ ತಗ್ಗಿತು. ವ್ಯಾನು ನಡೆಯುವವರಿಗಿಂತ ನಿಧಾನವಾಯಿತು. ಸಾಬರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. “ಚಲ್ ಬೇಟಾ, ಚಲ್ ಬೇಟಾ” ಎನ್ನುತ್ತಿದ್ದರು. ಕಾಲು ಮಾತ್ರ ಎತ್ತಲಿಲ್ಲ.

ಆಗ ನನಗೆ ಥಟ್ಟನೆ ಅನ್ನಿಸಿತು, ವ್ಯಾನಿನೊಳಗೆ ಇಂಜಿನ್ ಬಿಟ್ಟರೆ ಒಂದು ಸದ್ದೂ ಇಲ್ಲ. ಹದಿನಾಲ್ಕು ಮಕ್ಕಳಿರುವ ವ್ಯಾನು! ತಿರುಗಿ ನೋಡಿದೆ. ಎಲ್ಲರೂ ಕೆನ್ನೆ ಉಬ್ಬಿಸಿ, ಮೂಗು ಒತ್ತಿ ಹಿಡಿದು, ಕಣ್ಣು ಅಗಲ ಮಾಡಿಕೊಂಡು ಕೂತಿದ್ದರು. ಸಾನಿಯಾಳ ಮುಖ ಟೊಮೇಟೊ ಹಣ್ಣಿನ ಹಾಗೆ ಕೆಂಪಾಗಿತ್ತು. ಏನಾಯಿತೆಂದು ಕೇಳಲು ಬಾಯಿ ತೆರೆದೆ. ಅವಳು ಜೋರಾಗಿ ತಲೆಯಾಡಿಸಿ, ಇನ್ನೊಂದು ಕೈಯಿಂದ ನನ್ನ ಮೂಗನ್ನೇ ಗಬಕ್ಕನೆ ಹಿಡಿದಳು.

ತಮ್ಮ ಪಾಲಿನ ಗಾಳಿಯನ್ನು ಇಂಜಿನ್ನಿಗೆ ಬಿಟ್ಟುಕೊಟ್ಟಿದ್ದರು.

ಅದರಿಂದ ಇಂಜಿನ್ನಿಗೆ ಏನೂ ಸಿಗುವುದಿಲ್ಲ ಎಂದು ವಿವರಿಸಲು ಅದು ಸಮಯವಾಗಿರಲಿಲ್ಲ. ನನ್ನ ಮೂಗೂ ಬಿಡುವಾಗಿರಲಿಲ್ಲ. ನಾನೂ ಬಾಯಿ ಮುಚ್ಚಿದೆ. ವ್ಯಾನು ಇನ್ನೊಂದು ಗಜ ಏರಿತು. ಮತ್ತೊಂದು ಗಜ. ಮುಂದಿನ ಚಕ್ರಗಳು ಸಮತಟ್ಟಿಗೆ ಬಂದವು, ಹಿಂದಿನವೂ ಬಂದವು. ಇಂಜಿನ್ನಿನ ದನಿ ಒಮ್ಮೆಲೇ ಹಗುರಾಯಿತು. ಹದಿನೈದು ಜನ ಒಟ್ಟಿಗೆ ಬುಸ್ಸನೆ ಉಸಿರು ಬಿಟ್ಟೆವು. ಆಮೇಲೆ ಎದ್ದ ಕಿರುಚಾಟಕ್ಕೆ ಗುಡ್ಡದ ಆಚೆ ಮೇಯುತ್ತಿದ್ದ ಕುರಿಗಳೆಲ್ಲ ಚದುರಿದವು. ಮಹಬೂಬ್ ಸಾಬರು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಬಗ್ಗಿ ಅದಕ್ಕೆ ಮುತ್ತು ಕೊಟ್ಟರು.

“ರಸ್ತೆ ನೋಡ್ರೀ, ಮಹಬೂಬ್ ಸಾಬ್ರೆ!” ಎಂದರು ಶಾರದಾ ಮಿಸ್, ಎದುರಿಗೇ ನೋಡುತ್ತ. “ಸೋಮವಾರ... ಎಂಟು ಗಂಟೆಗೆ... ಸರಿಯಾಗಿ ಬರ್ರಿ.”

ಮಾತು ಯಾಕೆ ಹೀಗೆ ತುಂಡು ತುಂಡಾಗಿ ಬರುತ್ತಿದೆ ಎಂದು ಮುಂದಕ್ಕೆ ಬಗ್ಗಿ ನೋಡಿದೆ. ಮಿಸ್ ಕೈಚೀಲವನ್ನು ಎದೆಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದರು. ಅವರ ಮೂಗಿನ ಎರಡೂ ಪಕ್ಕ ಬೆರಳಿನ ಗುರುತು ಕೆಂಪಗೆ ಮೂಡಿತ್ತು.